ಇಳಿತದ ಹಾಡು, ತೊಟ್ಟಿಲ ಕೌದಿ

ನನ್ನ ಎಡಗಡೆ ಕೂತು ಮಾತಾಡಿದವರಿಗೆ ನಾನು ಉತ್ತರ ಕೊಡುತ್ತೇನೆ. ಬಲಗಡೆ ಕೂತವರ ಲೆಕ್ಕದಲ್ಲಿ ನಾನು ಜಂಬದ ಹೆಂಗಸು. ಮದುವೆಯ ಪಂಕ್ತಿಯಲ್ಲಿ ಎಷ್ಟೋ ಜನ ಹಾಗೆ ಮುಖ ಊದಿಸಿಕೊಂಡು ಎದ್ದು ಹೋಗಿದ್ದಾರೆ. ಹೋಗಲಿ ಬಿಡಿ. ನನ್ನ ಬಲಗಿವಿಗೆ ಮಾತು ಕೇಳುವುದಿಲ್ಲ, ಹಾಡು ಕೇಳುತ್ತದೆ ಎಂದು ಎಲೆಯ ಮುಂದೆ ಕೂತು ಹೇಳಲಿಕ್ಕೆ ಬರುವುದಿಲ್ಲ. ಇಲ್ಲಿ ಹೇಳುತ್ತೇನೆ. ಈಗಲೂ ಯಾವಳೋ ಒಬ್ಬಳು ಯಾವುದೋ ದವಾಖಾನೆಯ ಬೆಂಚಿನ ಮೇಲೆ, ತನಗೊಬ್ಬಳಿಗೇ ಕೇಳುವ ಏನನ್ನೋ ಹೊಟ್ಟೆಯಲ್ಲಿಟ್ಟುಕೊಂಡು ಕೂತಿರಬಹುದು. ಅವಳಿಗಾಗಿ ಇದು.

ಎಪ್ಪತ್ತರ ದಶಕದ ಕೊನೆಯ ಮಾತು. ನನ್ನ ತವರು ಭಟ್ಕಳದ ಕಡೆಯ ಕಾಯ್ಕಿಣಿ. ಕೊಟ್ಟದ್ದು ಕುಮಟಾ ತಾಲೂಕಿನ ಕಾಗಾಲಕ್ಕೆ. ಎರಡೂ ಕಡೆ ಮೀನಿನ ಮನೆಗಳೇ. ನಮ್ಮನೆಯವರು ಭಟ್ಕಳ ಬಂದರದ ದೋಣಿಯೊಂದರಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದರು. ರಜೆ ಸಿಕ್ಕಾಗ ಊರಿಗೆ ಬಂದು ಒಂದು ದಿನ ನಿದ್ದೆ ಮಾಡಿ ಹೋಗುತ್ತಿದ್ದರು, ಅದೇ ಸಂಸಾರ. ಮನೆಯಲ್ಲಿ ನಾನು, ಅತ್ತೆ, ನನ್ನ ಮಗಳು ಪದ್ಮಾ. ಪದ್ಮಾ ಆಗ ಗೋಡೆ ಹಿಡಿದು ನಡೆಯುತ್ತಿದ್ದಳು. ಮಾತು ಬಂದಿರಲಿಲ್ಲ. ತುಟಿ ಕೂಡಿಸಿ "ಬ್ಬ, ಬ್ಬ" ಎನ್ನುತ್ತಿದ್ದಳು ಅಷ್ಟೆ. ನಮ್ಮಲ್ಲಿ ತಾಯಿಗೆ ಅಬ್ಬೆ ಎನ್ನುತ್ತಾರೆ. ಇನ್ನೇನು ನಾಳೆ ಅಬ್ಬೆ ಎಂದಾಳು, ನಾಡಿದ್ದು ಎಂದಾಳು ಎಂದು ಕಾಯುವುದೇ ನನ್ನ ಕೆಲಸವಾಗಿತ್ತು.

ಸಂಜೆಯಾದರೆ ಮೈ ಬಿಸಿ, ಬೆಳಗಾದರೆ ಬೆವರು. ಕೆಮ್ಮಿಗೆ ಅತ್ತೆ ಕೊಟ್ಟ ಕಷಾಯವೆಲ್ಲ ಮುಗಿಯಿತು. ಒಂದು ದಿನ ಬಾವಿಕಟ್ಟೆಯಲ್ಲಿ ಕೆಮ್ಮಿ ಉಗುಳಿದಾಗ ಕೆಂಪು ಕಂಡಿತು. ನೀರು ಹೊಯ್ದು ತೊಳೆದುಬಿಟ್ಟೆ. ತಿರುಗಿದರೆ ಅತ್ತೆ ನಿಂತಿದ್ದರು. ಮರುದಿನ ಬೆಳಿಗ್ಗೆಯ ಬಸ್ಸಿಗೇ ಕುಮಟೆ.

ಅಲ್ಲಿಯ ದವಾಖಾನೆಯ ಪಡಸಾಲೆಯಲ್ಲಿ ಉದ್ದದ ಬೆಂಚು. ಕೆಮ್ಮುವವರು ಒಂದು ತುದಿಗೆ, ಕೆಮ್ಮದವರು ಇನ್ನೊಂದು ತುದಿಗೆ ತಾವಾಗಿಯೇ ಸರಿದು ಕೂರುತ್ತಿದ್ದರು. ನಡುವೆ ಖಾಲಿ ಜಾಗ. ಅತ್ತೆ ಆ ಖಾಲಿ ಜಾಗದಲ್ಲಿ ಕೂತರು. ಡಾಕ್ಟರು ನನ್ನ ಎದೆಯ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಹೆದರೂದು ಬೇಡ. ಈಗ ಕ್ಷಯಕ್ಕೆ ಔಷಧ ಉಂಟು. ಆದರೆ ನಡುವೆ ಬಿಡಬಾರದು" ಎಂದರು.

ಅತ್ತೆ ಒಂದೇ ಮಾತು ಕೇಳಿದರು: "ಕೂಸಿಗೆ?"

"ಕೂಸನ್ನ ಸದ್ಯ ದೂರ ಇಡಿ."

ಭಟ್ಕಳದಲ್ಲಿದ್ದ ನನ್ನ ನಾದಿನಿ ನಾಗವೇಣಿ ಬಂದು ಪದ್ಮಾಳನ್ನು ಎತ್ತಿಕೊಂಡು ಹೋದಳು. ಅವಳಿಗೆ ಮಕ್ಕಳಿರಲಿಲ್ಲ. ನನಗೆ ಅಂಗಳಕ್ಕೆ ಇಳಿಯುವ ಅಪ್ಪಣೆಯೂ ಇರಲಿಲ್ಲ, ಜಗಲಿಯ ಕಂಬ ಹಿಡಿದು ನಿಂತಿದ್ದೆ. ಮಗಳು ನಾಗವೇಣಿಯ ಹೆಗಲ ಮೇಲಿಂದ ನನ್ನ ಕಡೆಗೇ ನೋಡುತ್ತ "ಬ್ಬ, ಬ್ಬ" ಎನ್ನುತ್ತಿದ್ದಳು. ಅದು ಕೇಳುವಷ್ಟು ದೂರ ಕೇಳಿತು. ಆಮೇಲೆ ನಾನು ಒಳಗೆ ಬಂದು ಚೆನ್ನಾಗಿ ಅತ್ತುಬಿಟ್ಟೆ.

ನನ್ನನ್ನು ಮನೆಯ ಹಿಂದಿನ ಬಲೆ ಇಡುವ ಕೋಣೆಯಲ್ಲಿ ಮಲಗಿಸಿದರು. ತಟ್ಟೆ ಬೇರೆ, ಲೋಟ ಬೇರೆ. ಕಿಟಕಿಯಿಂದ ಅಘನಾಶಿನಿ ಹೊಳೆ ಸಮುದ್ರ ಸೇರುವ ಅಗಲ ಕಾಣುತ್ತಿತ್ತು. ಉಬ್ಬರದಲ್ಲಿ ನೀರೋ ನೀರು. ಇಳಿತ ಬಂತೆಂದರೆ ಅಷ್ಟೂ ಬಯಲಾಗಿ ಕೆಸರು ಹೊಳೆಯುತ್ತಿತ್ತು, ಹೆಂಗಸರು ಸೊಂಟ ಬಗ್ಗಿಸಿ ಬಳಚು ಚಿಪ್ಪಿ ಹೆಕ್ಕುತ್ತಿದ್ದರು. ದಿನಾ ಕಂಪೌಂಡರು ಬಂದು ಸೂಜಿ ಚುಚ್ಚಿ ಹೋಗುವರು. ಚುಚ್ಚಿದ ಸ್ವಲ್ಪ ಹೊತ್ತಿಗೆ ತುಟಿಯ ಸುತ್ತ ಜುಮ್ಮೆನ್ನುತ್ತಿತ್ತು. ಮುಖ ತೊಳೆಯಲು ಕಣ್ಣು ಮುಚ್ಚಿದರೆ ನೆಲ ದೋಣಿಯ ಹಾಗೆ ಓಲಾಡುತ್ತಿತ್ತು. ಎರಡು ಸಲ ಬಿದ್ದೆ. ನಿತ್ರಾಣ ಎಂದರು. ನಾನೂ ಹೌದೆಂದೆ.

ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ ಎಂದು ಒಂದು ಕೌದಿ ಹಿಡಿದೆ. ದೊಡ್ಡದಲ್ಲ, ತೊಟ್ಟಿಲಿಗೆ ಹಾಸುವಷ್ಟು. ನಮ್ಮಲ್ಲಿ ಮಗುವಿನ ಕೌದಿಗೆ ಸಿಕ್ಕಸಿಕ್ಕ ಬಟ್ಟೆ ಹಾಕುವುದಿಲ್ಲ. ತುಂಬ ಕಾಲ ಬಾಳಿದ ಅಜ್ಜಿಯರ ಹಳೆ ಸೀರೆಯೇ ಆಗಬೇಕು. ಅವರ ಆಯುಷ್ಯ ಕೂಸಿಗೆ ಬರಲಿ ಎಂದು. ಅತ್ತೆ ಅಂಥ ಸೀರೆಗಳನ್ನು ಕೇಳಿ ತಂದು, ಬಿಸಿನೀರಲ್ಲಿ ಕುದಿಸಿ, ಗಂಟು ಕಟ್ಟಿ ಕೊಟ್ಟರು. ನನಗೆ ಚೌಕ ಚೌಕ ತುಂಡು ಜೋಡಿಸುವ ಮನಸ್ಸಾಗಲಿಲ್ಲ. ಕಿಟಕಿಯಲ್ಲಿ ಕಂಡದ್ದನ್ನೇ ಮಾಡೋಣವೆನಿಸಿತು: ಇಳಿತದ ಹೊಳೆ. ಬೂದಿ ಬಣ್ಣದ್ದು ಕೆಸರು, ಮಾಸಿದ ಬಿಳಿಯದು ಉಳಿದ ನೀರು, ಕಂದು ಸೆರಗಿನ ಅಂಚು ಆಚೆ ದಡ. ಅಬ್ಬೆ ಇಲ್ಲದ ಕಾಲದಲ್ಲಿ ಅಬ್ಬೆ ಏನು ನೋಡುತ್ತಿದ್ದಳು ಎಂದು ಕೂಸಿಗೆ ಮುಂದೆ ಗೊತ್ತಾಗಲಿ ಎಂಬ ಆಸೆ.

ಹಸಿರು ಮಾತ್ರ ಗಂಟಿನಲ್ಲಿರಲಿಲ್ಲ. ಕೆಸರಿನ ನಡುವೆ ಇಳಿತದಲ್ಲೂ ಬತ್ತದ ಆಳದ ಕಾಲುವೆಯೊಂದು ಹರಿಯುತ್ತದೆ, ಕಡು ಹಸಿರು. ಕೋಣೆಯ ಅಟ್ಟದ ಮೇಲೆ ಹಳೆ ಬಲೆಗಳ ಅಡಿಯಲ್ಲಿ ಹುಡುಕಿದಾಗ ಅಂಥದೇ ಬಣ್ಣದ ಒಂದು ಸೀರೆ ಸಿಕ್ಕಿತು. ಮಡಿಕೆ ಬಿಚ್ಚಿದರೆ ಹೊಸತರ ಹಾಗೇ ಇತ್ತು. ಅಂಗೈ ಅಗಲ ಹರಿದುಕೊಂಡು ಕಾಲುವೆ ಮಾಡಿದೆ.

ಹಾಡು ಮೊದಲು ಬಂದದ್ದೋ ಆ ಹಸಿರು ಮೊದಲೋ, ಈಗ ನನಗೆ ಖಚಿತವಿಲ್ಲ. ಅತ್ತೆಯ ಪ್ರಕಾರ ಹಸಿರು ಮೊದಲು.

ಮಧ್ಯಾಹ್ನದ ಇಳಿತ. ಗಾಳಿ ಇರಲಿಲ್ಲ. ಯಾರೋ ಹೆಂಗಸು ಬಾಯಿ ತೆರೆಯದೆ ಗುನುಗುವುದು ಕೇಳಿತು. ಪದವಿಲ್ಲ. ನಾಲ್ಕೈದು ಸ್ವರ ನಿಧಾನಕ್ಕೆ ಇಳಿದು, ತಳ ಮುಟ್ಟಿ, ಅಲ್ಲಿ ಸ್ವಲ್ಪ ಹೊತ್ತು ನಿಂತು, ಮತ್ತೆ ಮೊದಲಿಗೆ ಬರುವುದು. ನಾನು ಚಿಕ್ಕಂದಿನಿಂದ ಕೇಳಿದ ಯಾವ ಜೋಗುಳವೂ ಅಲ್ಲ. ಊಟ ತಂದ ಅತ್ತೆಯನ್ನು ಕೇಳಿದೆ, "ಯಾರತ್ತೆ ಹಾಡೂದು?"

"ಎಲ್ಲಿ?"

"ಇಲ್ಲೇ ಗೋಡೆ ಹಿಂದೆ."

"ಗೋಡೆ ಹಿಂದೆ ಎಂತ ಉಂಟು? ಹೊಳೆ. ಊರಿನವರೆಲ್ಲ ಬಳಚು ಹೆಕ್ಕೂಕೆ ಹೋಗಿದ್ದಾರೆ. ಗಂಜಿ ತಣೀತದೆ, ಉಣ್ಣು" ಎಂದು ತಟ್ಟೆ ಹೊಸ್ತಿಲಲ್ಲಿಟ್ಟು ಹೋದರು.

ನಾನು ಉಂಡೆ. ಹಾಡು ನಿಲ್ಲಲಿಲ್ಲ. ಎದ್ದು ಕಿಟಕಿ ಮುಚ್ಚಿದೆ, ಒಂದಿಷ್ಟೂ ಕಡಿಮೆಯಾಗಲಿಲ್ಲ. ಮೈಮೇಲೆ ಮುಳ್ಳೆದ್ದಿತು. ಆದರೂ ನಿಜ ಹೇಳುತ್ತೇನೆ, ಮೂರ್ನಾಲ್ಕು ದಿನದಲ್ಲಿ ಆ ಭಯ ಹೋಗಿ ಅದಕ್ಕಾಗಿ ಕಾಯುವಂತಾದೆ. ಆ ಕೋಣೆಯ ಹೊಸ್ತಿಲು ದಾಟಿ ನನ್ನ ಹತ್ತಿರ ಬರುತ್ತಿದ್ದದ್ದು ಅದೊಂದೇ. ಕೌದಿಯ ಸೂಜಿ ಅದರ ಹಿಂದೆಯೇ ನಡೆಯತೊಡಗಿತು. ಸ್ವರ ಎಳೆದಲ್ಲಿ ಉದ್ದ ಹೊಲಿಗೆ, ತುಂಡಾದಲ್ಲಿ ಚಿಕ್ಕದು, ಇಳಿದಲ್ಲಿ ದಾರವೂ ಕೆಳಗೆ. ಕೌದಿಯ ಹೊಲಿಗೆ ಅಂಚಿನಿಂದ ಸುತ್ತುತ್ತ ನಡುವಿಗೆ ಬರಬೇಕು. ನನ್ನದು ಹಾಗೆ ಬರಲಿಲ್ಲ.

ಅತ್ತೆ ಬಾಗಿಲಲ್ಲೇ ನಿಂತು ನೋಡಿ ನಕ್ಕರು. "ಎಂತದೇ ಇದು? ಏಡಿ ಹೋದ ಹಾದಿ ಇದ್ದ ಹಾಗೆ ಉಂಟಲ್ಲ. ನಿನ್ನ ಅಬ್ಬೆ ನಿಂಗೆ ಹೊಲಿಗೆ ಕಲಿಸಲಿಲ್ವಾ?"

"ಕಲಿಸಿದ್ದಾಳೆ. ಇದು ಹಾಡಿನ ಹೊಲಿಗೆ" ಎಂದೆ. ಹತ್ತಿರ ಹಿಡಿದು ತೋರಿಸಿದೆ. ಆಗ ಅವರಿಗೆ ಹಸಿರು ಕಂಡಿತು. ನಗು ಮುಖದಲ್ಲೇ ಸತ್ತುಹೋಯಿತು.

"ಅದು ಎಲ್ಲಿ ಸಿಕ್ತು ನಿಂಗೆ?"

ಅಟ್ಟ ತೋರಿಸಿದೆ. ಅತ್ತೆ ಹೊಸ್ತಿಲಲ್ಲೇ ಕೂತು ಹೇಳಿದರು. ಆ ಸೀರೆ ದೇವಕಿಯದು. ದೇವಕಿ ನನ್ನ ಮಾವನ ತಂಗಿ. ಅತ್ತೆ ಮದುವೆಯಾಗಿ ಬಂದ ಹೊಸತರಲ್ಲಿ ಇದೇ ರೋಗದಲ್ಲಿ, ಇದೇ ಕೋಣೆಯಲ್ಲಿ ಹೋದವಳು. ಹರೆಯದ ಹೆಣ್ಣು. ಮದುವೆಗೆಂದು ತಂದಿಟ್ಟ ಸೀರೆ, ಉಡಲಿಲ್ಲ. ಕೊನೆಕೊನೆಗೆ ನೀರು ಇಳಿಯುವ ಹೊತ್ತಾದರೆ ಬಾಯಿ ಮುಚ್ಚಿಕೊಂಡೇ ಏನೋ ಗುನುಗುತ್ತಿದ್ದಳಂತೆ.

"ಆಯುಷ್ಯ ಇಲ್ಲದವಳ ಬಟ್ಟೆ ಕೂಸಿನ ಕೌದಿಗೆ ಹಾಕಿದ್ಯಲ್ಲೇ" ಎಂದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ನಮ್ಮ ಕಡೆ ಇಂಥದ್ದಕ್ಕೆ ಗಾಡಿಗನನ್ನು ಕರೆಯುತ್ತಾರೆ, ಸೋಕು ಬಿಡಿಸುವವನು. ಬಂದ. ತೆಂಗಿನಕಾಯಿ ಒಡೆದು, ಕೌದಿಯನ್ನು ಕೋಲಿನಿಂದ ಮಗುಚಿ ನೋಡಿದ. ಹಸಿರು ತುಂಡು ಬಿಚ್ಚಿ ಇಳಿತದ ನೀರಿಗೆ ಬಿಡಬೇಕು ಎಂದ. ಆಮೇಲೆ ನನ್ನ ಕಡೆ ತಿರುಗಿ, "ಹಾಡಿನ ಸುದ್ದಿ ಈ ಮನೆ ದಾಟಬಾರದು. ನೀನು ಹೊರಗಿನವರ ಹತ್ರ ಬಾಯಿ ಬಿಟ್ಟೆ ಅಂದ್ರೆ ಅದು ನಿನ್ನ ಕಿವಿ ಬಿಟ್ಟು ಹೋಗ್ತದೆ. ಆದರೆ ಹೋಗೂದು ಕೌದಿ ಯಾರಿಗೋ ಅವರ ಕಿವಿಗೆ" ಎಂದ.

ಕೌದಿ ಪದ್ಮಾಳದು. ಇನ್ನೇನು ಬೇಕು ನನ್ನ ಬಾಯಿ ಹೊಲಿಯಲಿಕ್ಕೆ? ಮುಲ್ಕಿ ಪರೀಕ್ಷೆ ಪಾಸಾದವಳು, ಪೇಪರು ಓದುವವಳು ಎಂಬ ಹೆಮ್ಮೆ ಎಲ್ಲ ಆ ಕ್ಷಣ ಎಲ್ಲಿ ಹೋಯಿತೋ. ಮಗುವಿನ ಹೆಸರು ಹಿಡಿದು ಹೆದರಿಸಿದರೆ ಓದಿದವಳೂ ಒಂದೇ, ಓದದವಳೂ ಒಂದೇ.

ಹಸಿರು ಬಿಚ್ಚಿದೆ. ಅತ್ತೆ ಅದನ್ನು ನೀರಿಗೆ ಬಿಟ್ಟು ಬಂದರು. ಕೌದಿಯ ನಡುವೆ ಅಂಗೈ ಅಗಲದ ತೂತು ಉಳಿಯಿತು. ಹಾಡು ಹೋಗಲಿಲ್ಲ, ಇಳಿತದ ಹೊತ್ತು ಮೀರಿ ಉಬ್ಬರದಲ್ಲೂ ಕೇಳತೊಡಗಿತು. ಬೇರೆ ಶಬ್ದಗಳು ಕಾಣೆಯಾದದ್ದು ನನಗೆ ತಡವಾಗಿ ಗೊತ್ತಾಯಿತು. ಮೊದಲು ಅತ್ತೆಯ ಬಳೆ. ಆಮೇಲೆ ಗುಬ್ಬಿ, ಬಾವಿಯ ರಾಟೆ, ಮಳೆ ಬಿಟ್ಟ ಮೇಲೆ ಮಾಡಿನಿಂದ ಬೀಳುವ ಹನಿ. ಒಂದೊಂದು ಹೋದ ಜಾಗಕ್ಕೂ ಹಾಡು ಬಂದು ಕೂರುತ್ತಿತ್ತು. ಮನೆಯನ್ನು ಒಬ್ಬಳು ಹೆಂಗಸು ಒಂದೊಂದೇ ಕೋಣೆಯಾಗಿ ತನ್ನದು ಮಾಡಿಕೊಳ್ಳುತ್ತಿದ್ದಾಳೆ, ನಾನು ಇನ್ನೊಂದು ಮೂಲೆಗೆ ಸರಿಯುತ್ತಿದ್ದೇನೆ ಎನಿಸುತ್ತಿತ್ತು. ಪದ್ಮಾ ಮಾತು ಕಲಿಯುವ ಹೊತ್ತಿಗೆ ನನ್ನ ಕಿವಿಯಲ್ಲಿ ಜಾಗ ಉಳಿದಿರುತ್ತದೋ ಇಲ್ಲವೋ? ಆ ಒಂದು ಹೆದರಿಕೆಯ ಎದುರು ಕ್ಷಯ ಏನೂ ಅಲ್ಲ.

ತಿಂಗಳಿಗೊಮ್ಮೆ ಕುಮಟೆಯಲ್ಲಿ ಡಾಕ್ಟರು ಕೇಳುತ್ತಿದ್ದರು: "ಕಿವಿ ಗುಂಯ್ ಅಂತದೇನು?" ನಾನು ಇಲ್ಲ ಎನ್ನುತ್ತಿದ್ದೆ. ಗುಂಯ್ ಎನ್ನುತ್ತಿರಲಿಲ್ಲವಲ್ಲ.

ನಮ್ಮನೆಯವರು ಒಮ್ಮೆ ಬಂದಾಗ ಹೊಸ್ತಿಲಾಚೆ ಕೂತು ಪದ್ಮಾಳ ಸುದ್ದಿ ಹೇಳಿದರು. "ಈಗ ಎಲ್ಲಾ ಮಾತಾಡ್ತಾಳೆ. ಮೀನು ಅಂತಾಳೆ, ದೋಣಿ ಅಂತಾಳೆ. ಪಕ್ಕದ ಮನೆಯವರ ಹತ್ರ ನವಾಯತಿ ಭಾಷೆಯಲ್ಲೂ ಎರಡು ಮಾತು ಕಲ್ತಿದ್ದಾಳೆ." ನಾನು ಅವರ ತುಟಿ ನೋಡುತ್ತ ಅರ್ಧ ಕೇಳಿದೆ, ಅರ್ಧ ಊಹಿಸಿದೆ. "ದನಿ ಹೇಗುಂಟು?" ಎಂದೆ. "ಮಕ್ಕಳ ದನಿ, ಮತ್ತೆಂತ" ಎಂದರು.

ಅಂಗಳಕ್ಕಿಳಿಯಲು ಅಪ್ಪಣೆ ಸಿಕ್ಕಿದ ಮೇಲೆ ಒಂದು ಬೆಳಿಗ್ಗೆ ಅಲ್ಲಿ ಬಿಸಿಲು ಕಾಯುತ್ತ ಕೂತಿದ್ದೆ. ಯಾರೋ ತೋಳು ಹಿಡಿದು ಎಳೆದು ಕೆಡವಿದರು. ಅತ್ತೆ. ಅವರ ಬಾಯಿ ಅಗಲವಾಗಿ ತೆರೆದಿತ್ತು. ನಾನು ಕೂತಿದ್ದ ಜಾಗದ ಪಕ್ಕದಲ್ಲೇ ದೊಡ್ಡ ತೆಂಗಿನ ಗರಿ ಬಿದ್ದಿತ್ತು. ಅದು ಮುರಿದದ್ದೂ ಕೇಳಿರಲಿಲ್ಲ, ಬಿದ್ದದ್ದೂ ಕೇಳಿರಲಿಲ್ಲ, ಅತ್ತೆ ಹಿಂದಿನಿಂದ ಬೊಬ್ಬೆ ಹೊಡೆದದ್ದೂ ಕೇಳಿರಲಿಲ್ಲ. ಅವರು ನನ್ನ ಮುಖ ಎರಡೂ ಕೈಯಲ್ಲಿ ಹಿಡಿದು ನೋಡಿದರು. ಕಾಯಿಲೆ ಶುರುವಾದ ಮೇಲೆ ಮನೆಯಲ್ಲಿ ಒಬ್ಬರು ನನ್ನನ್ನು ಮುಟ್ಟಿದ್ದು ಅದೇ ಮೊದಲು.

ತಿಂಗಳ ಗಡು ಬರುವ ಮೊದಲೇ ಅವರು ನನ್ನನ್ನು ಕುಮಟೆಗೆ ಕರೆದುಕೊಂಡು ಹೋದರು. ಡಾಕ್ಟರು ಎಂದಿನ ಪ್ರಶ್ನೆ ಕೇಳಿದರು, ನಾನು ಎಂದಿನ ಉತ್ತರ ಕೊಟ್ಟೆ.

"ಸುಳ್ಳು" ಎಂದರು ಅತ್ತೆ. "ಅವಳಿಗೆ ಹಾಡು ಕೇಳ್ತದೆ ಡಾಕ್ಟ್ರೇ. ಬೇರೆ ಎಂತದೂ ಕೇಳೂದಿಲ್ಲ."

ನಾನು ಅವರ ಬಾಯಿ ಮುಚ್ಚಲು ಹೋದೆ. ಅವರು ನನ್ನ ಕೈ ಕೆಳಗಿಳಿಸಿ, ನನಗೆ ತಿಳಿಯುವ ಹಾಗೆ ಮುಖದ ಎದುರೇ ಜೋರಾಗಿ ಹೇಳಿದರು: "ಹೇಳಿದ್ದು ನಾನು, ನೀನಲ್ಲ. ಬರೂದಾದ್ರೆ ಅದು ನನ್ನ ಕಿವಿಗೆ ಬರ್ಲಿ. ಕೂಸಿನ ಹತ್ರ ಹೋಗೂದು ಬೇಡ."

ಅತ್ತೆ ಸೊಸೆಯರ ಬಗ್ಗೆ ಜನ ಬೇಕಾದಷ್ಟು ಗಾದೆ ಮಾಡಿಟ್ಟಿದ್ದಾರೆ. ನಾನು ಅವುಗಳನ್ನು ಕೇಳಿದಾಗೆಲ್ಲ ಈ ಮಾತು ನೆನೆಯುತ್ತೇನೆ.

ಡಾಕ್ಟರು ಕಿವಿ ಪರೀಕ್ಷಿಸುವ ಕಬ್ಬಿಣದ ಕವಲೊಂದನ್ನು ಮೇಜಿಗೆ ಬಡಿದು ನನ್ನ ಕಿವಿಯ ಹಿಂದಿನ ಎಲುಬಿಗೆ ಇಟ್ಟರು. ಬಲಗಡೆ ನಡುಗಿದ್ದು ಗೊತ್ತಾಯಿತು, ಕೇಳಲಿಲ್ಲ. ಎಡಗಡೆ ದೂರದಲ್ಲಿ ಕೇಳಿತು. ಸೂಜಿಯ ಔಷಧ ಕೆಲವರ ಕಿವಿಗೆ ಆಗಿಬರುವುದಿಲ್ಲವಂತೆ. ಅಂದೇ ನಿಲ್ಲಿಸಿ ಬೇರೆ ಗುಳಿಗೆ ಬರೆದರು. ಗುಣವಾಗಲು ಹೆಚ್ಚು ಕಾಲ ಹಿಡಿಯುತ್ತದೆ, ಆದರೆ ಗುಣವಾಗುತ್ತದೆ ಎಂದರು. ಕಿವಿಯ ಬಗ್ಗೆ ಒಂದು ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆದು ನನ್ನ ಮುಂದಿಟ್ಟರು: ಹೋದದ್ದು ಬರುವುದಿಲ್ಲ. ಉಳಿದದ್ದು ಉಳಿಯಬಹುದು.

"ಹಾಡು?" ಎಂದು ಕೇಳಿದೆ. ಅವರು ತಲೆಯಾಡಿಸಿ, ತಮಗೆ ತಿಳಿಯದು ಎಂದು ಕೈ ಬಿಚ್ಚಿ ತೋರಿಸಿದರು. ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿದ್ದು ಆಗ.

ಮನೆಗೆ ಬಂದ ಮೇಲೆ ಅತ್ತೆ ಮೊದಲ ಸಲ ಕೋಣೆಯ ಒಳಗೆ ಬಂದು ನನ್ನ ಎಡಗಡೆ ಚಾಪೆಯ ಮೇಲೆ ಕೂತರು. "ಹೇಗುಂಟು ಅದು? ನಂಗೂ ಒಂಚೂರು ಕೇಳಿಸು" ಎಂದರು. ಇನ್ನು ಮುಚ್ಚಿಡುವುದಕ್ಕೆ ಏನಿತ್ತು? ನಾನು ಗುನುಗಿದೆ. ನಾಲ್ಕೈದು ಸ್ವರ ಇಳಿಸಿ, ತಳ ಮುಟ್ಟಿ, ನಿಲ್ಲಿಸಿದೆ. ಅತ್ತೆ ಕೌದಿಯ ಹೊಲಿಗೆಯ ಮೇಲೆ ಬೆರಳು ಆಡಿಸುತ್ತಿದ್ದರು. ಬೆರಳು ಒಂದು ಕಡೆ ನಿಂತಿತು.

"ಇಲ್ಲಿ ಇಳಿಯೂದಲ್ಲ. ಇಲ್ಲಿ ಒಂದ್ಸಲ ಮೇಲೆ ಹೋಗ್ತದೆ, ಆಮೇಲೆ ಇಳೀತದೆ" ಎಂದರು.

ನಾನು ಮತ್ತೆ ಕಿವಿಗೊಟ್ಟು ಕೇಳಿದೆ. ಹೌದು, ಅಲ್ಲಿ ಮೇಲೆ ಹೋಗುತ್ತಿತ್ತು. ನಾನೇ ತಪ್ಪಿ ಹೊಲಿದಿದ್ದೆ.

ಅವರಿಗೆ ಅದು ದೇವಕಿಯ ಕಾಲದಿಂದ ನೆನಪಿದ್ದದ್ದೋ, ಬಸ್ಸಿನಲ್ಲಿ ಬರುವಾಗ ಅವರ ಕಿವಿಗೆ ಬಂದದ್ದೋ? ಎಷ್ಟೋ ಸಲ ಕೇಳಬೇಕೆಂದುಕೊಂಡೆ. ಧೈರ್ಯ ಬರಲಿಲ್ಲ. ಅವರು ತೀರಿಕೊಳ್ಳುವ ತನಕವೂ ಇಳಿತದ ಹೊತ್ತಿಗೆ ಮಾತು ನಿಲ್ಲಿಸಿ ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದದ್ದಂತೂ ನಿಜ.

ಆ ಸಾಲು ಬಿಚ್ಚಿ ಸರಿಯಾಗಿ ಹೊಲಿದೆ. ತೂತಿಗೆ ಅತ್ತೆ ತಮ್ಮ ಮೈಮೇಲಿನ ಸೀರೆಯ ಸೆರಗನ್ನೇ ಹರಿದು ಕೊಟ್ಟರು, ನೀಲಿ. ಕೊನೆಯ ಅಂಚು ಮುಚ್ಚುವ ಮೊದಲು ಕೌದಿಯ ಹೊಟ್ಟೆ ಖಾಲಿ ಇರಬಾರದೆಂದು ನಾಲ್ಕು ಅಕ್ಕಿಕಾಳು ಒಳಗೆ ಹಾಕಿ, "ಆತು, ಇನ್ನು ಮುಚ್ಚು" ಎಂದರು. ನೀಲಿ ಕಾಲುವೆ ನನಗೆ ಅಷ್ಟೇನೂ ಹಿಡಿಸಲಿಲ್ಲ. ಹೇಳಲಿಲ್ಲ.

ಮಳೆಗಾಲ ಕಳೆದು, ಚಳಿ ಕಳೆದು, ಕಫದಲ್ಲಿ ಏನೂ ಇಲ್ಲ ಎಂದು ಡಾಕ್ಟರು ಹೇಳಿದ ದಿನ ನಾನೂ ಅತ್ತೆಯೂ ಭಟ್ಕಳದ ಬಸ್ಸು ಹತ್ತಿದೆವು. ನನ್ನ ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿ ಉಳಿದಿತ್ತು. ಹೊನ್ನಾವರ ದಾಟುವಾಗ ನಿರ್ವಾಹಕ ಕೂಗಿದ್ದು ಕೇಳಿತು. ಅದೂ ಒಂದು ಸಂತೋಷವೇ. ಮುರ್ಡೇಶ್ವರದ ತಿರುವಿನಲ್ಲಿ, ಕಿವಿಯನ್ನು ಪರೀಕ್ಷೆ ಮಾಡಿಕೊಳ್ಳಲು ಅತ್ತೆಗೆ ಸಣ್ಣ ದನಿಯಲ್ಲಿ ಏನಾದರೂ ಹೇಳಿ ಎಂದೆ. "ಎಷ್ಟು ಸಲ ಹೇಳ್ಬೇಕು ಮಾರಾಯ್ತಿ" ಎಂದು ಗೊಣಗಿದರು. ಅದೂ ಕೇಳಿತು.

ನಾಗವೇಣಿಯ ಮನೆ ಬಂದರದ ಹತ್ತಿರ. ಅವಳು ಅಂಗಳದಲ್ಲಿ ಮೀನು ಒಣಗಿಸುತ್ತಿದ್ದಳು. ಅವಳ ಸೀರೆ ಹಿಡಿದುಕೊಂಡು ಒಂದು ಹುಡುಗಿ, ಎಣ್ಣೆ ಹಚ್ಚಿ ಬಾಚಿದ ಜುಟ್ಟು, ಕಾಲಿಗೆ ಗೆಜ್ಜೆ. ಕೋಣೆಯಲ್ಲಿ ಕೂತು ನಾನು ಕಲ್ಪಿಸಿಕೊಂಡ ಪದ್ಮಾ ಗೋಡೆ ಹಿಡಿದೇ ನಡೆಯುತ್ತಿದ್ದಳು. ಇವಳು ಓಡಿ ಹೋಗಿ ನಾಗವೇಣಿಯ ಬೆನ್ನ ಹಿಂದೆ ನಿಂತಳು. ನಾನು ಅಂಗಳದಲ್ಲೇ ಕೂತು, ಎಡಗಿವಿಯನ್ನು ಅವಳ ಕಡೆ ತಿರುಗಿಸಿದೆ. ಹಾಡು ಬಲಗಡೆ ನಡೆಯುತ್ತಲೇ ಇತ್ತು.

ಅವಳು ಇಣುಕಿ ನೋಡಿ, ನಾಗವೇಣಿಯ ಸೆರಗು ಜಗ್ಗಿ ಕೇಳಿದಳು: "ಅಬ್ಬೆ, ಇದ್ಯಾರು?"

ನಾಗವೇಣಿಯ ಕೈಯಲ್ಲಿದ್ದ ಮೀನು ಕೆಳಗೆ ಬಿತ್ತು. "ನಾನು ಕಲಿಸಲಿಲ್ಲ ಅತ್ತಿಗೆ, ದೇವರಾಣೆ. ಅದಾಗೇ ಕರೀತದೆ" ಎಂದು ಅಳುವವಳ ಹಾಗೆ ಹೇಳಿದಳು. ಮಗುವನ್ನು ಮುಂದಕ್ಕೆ ನೂಕಿದಳು. "ಇವಳೇ ನಿನ್ನ ಅಬ್ಬೆ, ಮಗಾ. ನಾನು ಅತ್ತೆ. ಅಬ್ಬೆ ಅನ್ನು."

ಹುಡುಗಿ ನನ್ನ ಮುಖವನ್ನು ಚೆನ್ನಾಗಿ ನೋಡಿದಳು.

"ಅಲ್ಲ" ಎಂದಳು.

ದಪ್ಪ ದನಿ, ಒಂದಿಷ್ಟು ಗೊಗ್ಗರು, ಅಪ್ಪನದೇ. ಹಾಡಿನ ಮೇಲೆ ಸ್ಪಷ್ಟವಾಗಿ ಕೇಳಿತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ನಾಗವೇಣಿ ಮಗುವಿಗೆ ಹೊಡೆಯಲು ಕೈ ಎತ್ತಿದಳು. ನಾನು ಬೇಡವೆಂದು ಅವಳ ಕೈ ಹಿಡಿದೆ.

"ಎಂತ ಅಂದೆ?" ಎಂದು ಮಗಳನ್ನು ಕೇಳಿದೆ. "ಇನ್ನೊಂದ್ಸಲ ಹೇಳು."

ಅವಳು ನನಗೆ ಕಿವಿ ಕೇಳುವುದಿಲ್ಲ ಎಂದುಕೊಂಡಳೋ ಏನೋ, ಎರಡು ಹೆಜ್ಜೆ ಹತ್ತಿರ ಬಂದು ಇನ್ನೂ ಜೋರಾಗಿ ಹೇಳಿದಳು.